ತಾಯಿಯಿಲ್ಲದ ವಂಶವೃಕ್ಷ

ಈಚಿನ ಕೆಲವು ವರ್ಷಗಳಿಂದ ನಮ್ಮ ವಿದ್ಯಾವಂತ ಮನೆಗಳಿಗೆ ವಂಶಾವಳಿಯ ಹುಚ್ಚು ಹಿಡಿದಿದೆ. ನಿವೃತ್ತರಾದ ಹಿರಿಯರು ಅಟ್ಟದ ಮೇಲಿನ ಕಾಗದದ ಗಂಟುಗಳನ್ನು ಬಿಚ್ಚಿಕೊಂಡು ಕುಳಿತಿದ್ದಾರೆ. ಪರದೇಶದಲ್ಲಿರುವ ಮಕ್ಕಳು ಅಂತರಜಾಲದಲ್ಲಿ ಮನೆತನದ ಗಿಡವನ್ನು ನೆಟ್ಟು, ‘ನಿಮ್ಮ ಟೊಂಗೆಯ ವಿವರ ತುಂಬಿ ಕಳಿಸಿರಿ’ ಎಂದು ವಾಟ್ಸಪ್ಪಿನಲ್ಲಿ ದುಂಬಾಲು ಬೀಳುತ್ತಿದ್ದಾರೆ. ಯುಗಾದಿಗೋ ಊರ ಜಾತ್ರೆಗೋ ಎಲ್ಲರೂ ಕೂಡಿದಾಗ ಅದನ್ನು ಪುಸ್ತಕ ಮಾಡಿ ಹಂಚುವುದೂ ನಡೆದಿದೆ. ಹುಚ್ಚು ಕೆಟ್ಟದ್ದೇನಲ್ಲ. ತಮ್ಮ ಹಿಂದೆ ಯಾರಿದ್ದರು ಎಂದು ಕೇಳುವ ಬುದ್ಧಿ ಬಂದದ್ದು ಸಂತೋಷದ ಸಂಗತಿಯೇ. ಆದರೆ ಇಂಥ ಹತ್ತಾರು ಪುಸ್ತಕಗಳನ್ನು ನೋಡಿದ ಮೇಲೆ ನಾನು ಹೇಳಬೇಕಾದ ಮಾತೊಂದಿದೆ. ಇವು ವಂಶವೃಕ್ಷಗಳಲ್ಲ, ಗಂಡಸರ ಹಾಜರಿ ಪಟ್ಟಿಗಳು. ಹೆತ್ತವಳ ಹೆಸರಿಲ್ಲದೆ ಹುಟ್ಟಿದವರ ಹೆಸರನ್ನಷ್ಟೇ ಬರೆದಿಟ್ಟು ಅದಕ್ಕೆ ಇತಿಹಾಸವೆಂದು ಹೆಸರಿಡುವುದು ಸುಳ್ಳು. ಆ ಸುಳ್ಳಿಗೆ ನಾವು ಹೆಂಗಸರೂ ಇನ್ನು ಮುಂದೆ ನೆರವಾಗಬಾರದು.

ನನ್ನ ತವರುಮನೆಯ ಪುಸ್ತಕವೂ ಈಗ ಅಚ್ಚಿಗೆ ಸಿದ್ಧವಾಗಿದೆ. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಎರಡು ವರ್ಷ ಕಷ್ಟಪಟ್ಟು ಅಂತರಜಾಲದಲ್ಲಿ ಬೆಳೆಸಿದ ಗಿಡವದು. ಮೂಲಪುರುಷನಿಂದ ಅವನವರೆಗೆ ಎಂಟು ತಲೆಮಾರು. ‘ಅತ್ತಿ, ನೀವು ಕನ್ನಡ ಕಲಿಸವರು, ಕರಡು ತಿದ್ದಿ ಕೊಡ್ರಿ’ ಎಂದು ಪ್ರೀತಿಯಿಂದ ನನಗೇ ಕಳಿಸಿದ್ದಾನೆ. ತಿದ್ದಲು ಕುಳಿತೆ. ಕಾಗುಣಿತದ ತಪ್ಪುಗಳು ನಾಲ್ಕೈದು ಸಿಕ್ಕವು. ದೊಡ್ಡ ತಪ್ಪು ಪುಟ ಪುಟಕ್ಕೂ ಇತ್ತು. ನಾಲ್ಕನೆಯ ತಲೆಮಾರಿನಿಂದ ಮೇಲೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಈಚಿನ ತಲೆಮಾರುಗಳಲ್ಲಿ ಸೊಸೆಯಂದಿರ ಹೆಸರಿದೆ, ಅವರ ತವರಿನ ಸುದ್ದಿ ಇಲ್ಲ. ಹೆಣ್ಣುಮಕ್ಕಳ ಹೆಸರಿದೆ, ಅವರ ಮಕ್ಕಳ ಸುದ್ದಿ ಇಲ್ಲ. ನನ್ನ ಹೆಸರಿನ ಮುಂದೆ ಒಂದು ಗೆರೆ ಎಳೆದು ‘ವಿವಾಹಿತ’ ಎಂದು ಬರೆದು ಮುಗಿಸಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿ ಎರಡು ಮಕ್ಕಳನ್ನು ಬೆಳೆಸಿದವಳು ತವರಿನ ಗಿಡದಲ್ಲಿ ಒಣಗಿದ ಟೊಂಗೆ!

ಇಲ್ಲಿ ಯಂತ್ರದ ತಪ್ಪೇನೂ ಇಲ್ಲವೆಂಬುದನ್ನು ಗಮನಿಸಬೇಕು. ಅಂತರಜಾಲದ ವಂಶಾವಳಿಯಲ್ಲಿ ಪ್ರತಿಯೊಬ್ಬ ಮನುಷ್ಯನ ಮೇಲೂ ಎರಡು ಚೌಕಗಳಿರುತ್ತವೆ, ಒಂದು ತಂದೆಗೆ, ಇನ್ನೊಂದು ತಾಯಿಗೆ. ಎರಡೂ ಒಂದೇ ಅಳತೆಯವು. ನಮ್ಮ ಗಿಡದಲ್ಲಿ ತಂದೆಯ ಚೌಕ ತುಂಬಿದೆ, ತಾಯಿಯದು ಬರಿದಾಗಿದೆ. ಯಂತ್ರ ಜಾಗ ಕೊಟ್ಟಿತು, ತುಂಬಲು ನಮ್ಮಲ್ಲಿ ಹೆಸರಿರಲಿಲ್ಲ.

ನಾನು ಕಲಿಸುವುದು ಕನ್ನಡ ಮತ್ತು ಸಮಾಜ ವಿಜ್ಞಾನ, ಗಣಿತವಲ್ಲ. ಆದರೂ ಇಷ್ಟು ಲೆಕ್ಕ ನನಗೂ ಬರುತ್ತದೆ. ಒಬ್ಬನಿಗೆ ತಂದೆತಾಯಿ ಇಬ್ಬರು. ಅಜ್ಜ ಅಜ್ಜಿಯರು 4 ಜನ. ಅವರನ್ನು ಹೆತ್ತವರು 8. ಹೀಗೆ ಇಮ್ಮಡಿಸುತ್ತ ಹೋದರೆ ಏಳನೆಯ ತಲೆಮಾರಿಗೆ 128. ಏಳೂ ತಲೆಮಾರುಗಳನ್ನು ಕೂಡಿಸಿದರೆ 254 ಜನ, ಅದರಲ್ಲಿ ಸರಿಯಾಗಿ ಅರ್ಧ, ಎಂದರೆ 127 ಜನ, ಹೆಂಗಸರು. ‘ನಮಗೆ ಏಳು ತಲೆಮಾರು ಗೊತ್ತು’ ಎಂದು ಮೀಸೆ ತಿರುವುವ ನಮ್ಮ ಕಾಕಾನಿಗೆ ನೇರ ಏಣಿಯಲ್ಲಿ ಗೊತ್ತಿರುವುದು ಏಳು ಗಂಡಸರು. 254ರಲ್ಲಿ 7. ನೂರಕ್ಕೆ ಮೂರೂ ಆಗುವುದಿಲ್ಲ. ನಮ್ಮ ಶಾಲೆಯಲ್ಲಿ ಇಷ್ಟು ಅಂಕ ತೆಗೆದವನನ್ನು ಪಾಸು ಮಾಡುವುದಿಲ್ಲ.

ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವುದರಿಂದ ಈ ಲೆಕ್ಕ ಸ್ವಲ್ಪ ಕಡಿಮೆಯಾದೀತು. ಅಕ್ಕನ ಮಗಳನ್ನು ಕಟ್ಟಿಕೊಂಡವನ ಮಕ್ಕಳಿಗೆ ಒಬ್ಬಳೇ ಮುದುಕಿ ತಂದೆಯ ಕಡೆಯಿಂದ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜಿ. ಹೀಗೆ ಎರಡು ಕಡೆಯಿಂದ ವಂಶವನ್ನು ಕಟ್ಟಿ ಹಿಡಿದವಳು ಆ ಮುದುಕಿ. ಆದರೆ ನಮ್ಮ ಪುಸ್ತಕದಲ್ಲಿ ಅವಳು ಒಂದು ಕಡೆಯೂ ಇಲ್ಲ.

ಈ ಹೆಸರುಗಳು ಹೇಗೆ ಕಳೆದುಹೋದವು? ತಾವಾಗಿ ಕಳೆಯಲಿಲ್ಲ. ಬರೆಯುವವರು ಬರೆಯಲಿಲ್ಲ, ಕೇಳುವವರು ಕೇಳಲಿಲ್ಲ.

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಅಂಗಳದಲ್ಲಿ ನಿಂತು ಮನೆತನದ ಮೂಲಸ್ಥಳ, ಬೆಡಗು, ಯಾರ ಮಗ ಯಾರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ಕೇಳುತ್ತಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು ಕಾಳು, ಬಟ್ಟೆ, ದಕ್ಷಿಣೆ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಮೊರದಲ್ಲಿ ಜೋಳ ತಂದು ಹಾಕುತ್ತಿದ್ದವಳು ನಮ್ಮವ್ವ. ಅವಳ ಹೆಸರನ್ನು ಅವರು ಕೇಳಿದ್ದು ನನಗೆ ನೆನಪಿಲ್ಲ. ಆ ಹೆಳವರ ವಿದ್ಯೆ ದೊಡ್ಡದು, ಅದನ್ನು ನಾನು ಹಳಿಯುವುದಿಲ್ಲ. ಯಜಮಾನರು ಕೇಳಿದ್ದನ್ನು ಅವರು ಹೇಳಿದರು, ಅಷ್ಟೆ.

ಸರಕಾರದ ಕಾಗದಗಳ ಕಥೆಯೂ ಇದೇ. 1956ರವರೆಗೆ ನಮ್ಮ ಭಾಗ ಮುಂಬೈ ರಾಜ್ಯಕ್ಕೆ ಸೇರಿತ್ತು. ಕುಲಕರ್ಣಿಯರ ಮನೆಗಳಲ್ಲಿರುವ ಹಳೆಯ ದಫ್ತರಗಳೆಷ್ಟೋ ಮೋಡಿ ಲಿಪಿಯಲ್ಲಿವೆ, ಓದಬಲ್ಲವರು ಈಗ ವಿರಳ. ಕಷ್ಟಪಟ್ಟು ಓದಿಸಿದರೂ ಜಮೀನಿನ ಕಾಗದದಲ್ಲಿ ಹೆಂಗಸು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ. ಗಂಡ ಸತ್ತು, ಮಗ ಚಿಕ್ಕವನಿದ್ದಾಗ ಅವಳು ‘ಅಜ್ಞಾನ ಮಗನ ಪಾಲನಕರ್ತೆ’ಯಾಗಿ ಬರುತ್ತಾಳೆ. ಮಗ ದೊಡ್ಡವನಾದ ಕೂಡಲೇ ಉತಾರದಿಂದ ಇಳಿದುಹೋಗುತ್ತಾಳೆ. ಗಂಡಸಿಗೆ ‘ಬಿನ್’ ಎಂದು ತಂದೆಯನ್ನು ಜೋಡಿಸಿದರು, ಹೆಂಗಸಿಗೆ ‘ಕೋಂ’ ಎಂದು ಗಂಡನನ್ನು ಜೋಡಿಸಿದರು. ತಾಯಿಯನ್ನು ಜೋಡಿಸುವ ಒಂದಕ್ಷರವೂ ಆ ಭಾಷೆಯಲ್ಲಿ ಹುಟ್ಟಲಿಲ್ಲ.

ಇನ್ನು ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರನ್ನು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ ವರ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಸಂಭ್ರಮಪಡುತ್ತಾರೆ. ತವರಿನ ದಾಖಲೆಯಲ್ಲಿ ಒಂದು ಹೆಸರು, ಅತ್ತೆಮನೆಯ ದಾಖಲೆಯಲ್ಲಿ ಇನ್ನೊಂದು. ನೂರು ವರ್ಷದ ನಂತರ ಹುಡುಕುವವನಿಗೆ ಇವರಿಬ್ಬರೂ ಒಬ್ಬಳೇ ಎಂದು ತಿಳಿಯುವ ದಾರಿ ಯಾವುದು? ಅಕ್ಕಿಯ ಮೇಲಿನ ಅಕ್ಷರ ಅಂದೇ ಅಳಿಸಿಹೋಗಿರುತ್ತದೆ.

ಹೆಸರನ್ನು ಹೇಳಿಕೊಳ್ಳಬಾರದೆಂದು ಕಲಿಸಿದ ಫಲವನ್ನು ಈ ದೇಶ ಒಮ್ಮೆ ಲಕ್ಷಗಟ್ಟಲೆ ಲೆಕ್ಕದಲ್ಲಿ ಕಂಡಿದೆ. 1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟುಹಿಡಿದರು. ಸುಮಾರು 28 ಲಕ್ಷ ಹೆಂಗಸರು, ಬಹುತೇಕ ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಹೊರಗುಳಿದರು. ಹೆಸರಿಲ್ಲದವಳಿಗೆ ಮತವಿಲ್ಲ! ಅಂದು ಸೇನರು ಹೇಳಿದ ಪಾಠವನ್ನು ನಮ್ಮ ಮನೆತನಗಳು ಎಪ್ಪತ್ತು ವರ್ಷ ಕಳೆದರೂ ಕಲಿತಿಲ್ಲ.

ಇಷ್ಟು ಹೇಳಿದರೆ ಹಿರಿಯರು ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ: ‘ಇದು ಪರಂಪರೆ. ವಂಶವೆಂದರೆ ಗಂಡಿನ ಕಡೆಯದು.’ ಯಾವ ಪರಂಪರೆ? ನಮ್ಮ ಹಾವೇರಿಯಿಂದ ಬನವಾಸಿ ದೂರವಿಲ್ಲ. ಆ ಬನವಾಸಿಯ ಕದಂಬರು ತಮ್ಮನ್ನು ‘ಹಾರೀತಿಪುತ್ರ’ರೆಂದು ಕರೆದುಕೊಂಡರು. ಬಾದಾಮಿಯ ಚಾಲುಕ್ಯರೂ ಹಾಗೆಯೇ ಬರೆಸಿದರು. ಅವರಿಗಿಂತ ಹಿಂದಿನ ಸಾತವಾಹನ ಅರಸರು ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದು ತಾಯಿಯ ಗುರುತಿನಿಂದಲೇ ಲೋಕಕ್ಕೆ ಪರಿಚಿತರಾದರು. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ ಮಗಳ ಅಗಲಿಕೆಯನ್ನು ತಾಳದೆ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳೆಂಬುದು ಅಲ್ಲಿಯ ಶಾಸನದಿಂದ ನಮಗೆ ತಿಳಿದಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ತಾಯಿಯೊಬ್ಬಳ ಹೆಸರು ಕಲ್ಲಿನಲ್ಲಿದೆ. ನೂರು ವರ್ಷಗಳ ಹಿಂದಿನ ನನ್ನ ಮುತ್ತಜ್ಜಿಯ ಹೆಸರು ಕಾಗದದಲ್ಲಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಈಗ ಅಂತರಜಾಲದಲ್ಲಿ ಬಿಟ್ಟಿ ಓದಲು ಸಿಗುತ್ತವೆ. ಪರಂಪರೆಯ ಮಾತಾಡುವವರು ಅವುಗಳಲ್ಲಿ ಒಂದನ್ನಾದರೂ ತೆರೆದು ನೋಡಲಿ.

ಅರಸರ ಮಾತು ಬಿಡೋಣ ಎಂದರೆ, ತುಳುನಾಡಿಗೆ ಹೋಗಿ. ಅಲ್ಲಿ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಹರಿದುಬರುವುದು ತಾಯಿಯಿಂದ. ಅವರೂ ಕನ್ನಡ ನಾಡಿನವರೇ. ವೈದಿಕರ ಮನೆಗಳಲ್ಲಿ ಪಕ್ಷಮಾಸದ ತರ್ಪಣದ ಹೊತ್ತಿಗೆ ತಂದೆ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ತಾಯಿಯ ತವರಿನ ಹಿರಿಯರಿಗೂ ಅಲ್ಲಿ ನೀರು ಬಿಡುತ್ತಾರೆ. ಎಳ್ಳು ನೀರಿಗೆ ಬೇಕಾದ ಹೆಸರು ಪುಸ್ತಕಕ್ಕೆ ಯಾಕೆ ಬೇಡವಾಗುತ್ತದೆ? ಕ್ರೈಸ್ತರ ದೀಕ್ಷಾಸ್ನಾನದ ದಾಖಲೆಗಳಲ್ಲಿಯೂ ತಂದೆಯ ಪಕ್ಕದಲ್ಲಿ ತಾಯಿಯ ಹೆಸರಿರುತ್ತದೆ. ಆದ್ದರಿಂದ ತಾಯಿಯನ್ನು ಬಿಡುವುದು ಪರಂಪರೆಯಲ್ಲ, ರೂಢಿಯಾಗಿಬಿಟ್ಟ ಸೋಮಾರಿತನ.

ಇನ್ನೂ ಒಂದು ಮಾತನ್ನು ಬಿಚ್ಚಿಯೇ ಹೇಳುತ್ತೇನೆ. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಬಂತು. ನಮ್ಮ ತಲೆಮಾರಿನವರೆಲ್ಲ ಓದಿದ ಕಾದಂಬರಿ. ಜೀವನವಿಡೀ ಯಾವ ವಂಶದ ಶುದ್ಧಿಯನ್ನು ಕಾಯ್ದರೋ ತಾವು ಆ ವಂಶದ ರಕ್ತದವರೇ ಅಲ್ಲವೆಂದು ಶ್ರೀನಿವಾಸ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಿಳಿಯುತ್ತದೆ. ತಂದೆ ಯಾರೆಂಬುದು ನಂಬಿಕೆ, ತಾಯಿ ಯಾರೆಂಬುದು ಸೂಲಗಿತ್ತಿ ಕಣ್ಣಾರೆ ಕಂಡದ್ದು. ನಮ್ಮ ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆಂದು ವಿಜ್ಞಾನದ ಮಾಸ್ತರರು ಮಕ್ಕಳಿಗೆ ಹೇಳಿಕೊಡುತ್ತಾರೆ. ಮೈ ಮರೆಯದ್ದನ್ನು ಪುಸ್ತಕ ಮರೆತಿದೆ.

‘ಅಕ್ಕೋರ, ಒಂದು ಹೆಸರಿಗೆ ಇಷ್ಟು ಜಗಳ ಯಾಕ?’ ಎಂದು ನೀವು ಕೇಳಬಹುದು. ಹೆಸರಿನ ಹಿಂದೆ ಹೊಲವಿದೆ, ಅದಕ್ಕೆ.

ನಮ್ಮಪ್ಪ 2011ರಲ್ಲಿ ತೀರಿಕೊಂಡರು. ವಾರಸಾ ದಾಖಲಿಸಲು ವಂಶವೃಕ್ಷ ಬೇಕಾಯಿತು. ಕಚೇರಿಯ ಸಿಬ್ಬಂದಿಯೊಬ್ಬರು ನನ್ನ ಅಣ್ಣನಿಗೆ ಬುದ್ಧಿ ಹೇಳಿದ್ದು ಹೀಗೆ: ‘ಹೆಣ್ಣಮಕ್ಕಳ ಹೆಸರು ಬರಕೊಂತ ಕುಂತ್ರ ಅವರ ಸಹಿನೂ ಬೇಕಾಗತೈತಿ. ಸುಮ್ನ ಗಂಡಮಕ್ಕಳದಷ್ಟ ಕೊಡ್ರಿ.’ ಇಡೀ ವ್ಯವಹಾರದ ಗುಟ್ಟು ಆ ಎರಡು ವಾಕ್ಯಗಳಲ್ಲಿದೆ. ಹೆಸರು ಬರೆದರೆ ಅವಳು ಹಕ್ಕುದಾರಳಾಗುತ್ತಾಳೆ, ಬರೆಯದಿದ್ದರೆ ಹುಟ್ಟೇ ಇಲ್ಲ. ನಾನೂ ನನ್ನ ತಂಗಿಯೂ ಪಟ್ಟುಹಿಡಿದು ನಮ್ಮ ಹೆಸರು ಬರೆಸಿದೆವು. ಅಣ್ಣ ಅಡ್ಡಿಯಾಗಲಿಲ್ಲ. ಆಮೇಲೆ ಪಾಲು ತೆಗೆದುಕೊಂಡೆವೋ ಬಿಟ್ಟೆವೋ ಎಂಬುದು ನಮ್ಮ ಮನೆಯ ಮಾತು. ಬಿಡುವುದಾದರೂ ಇದ್ದವಳು ಬಿಡಬೇಕು. ಇಲ್ಲವೇ ಇಲ್ಲವೆಂದು ಬರೆಸಿಕೊಂಡವಳು ಏನನ್ನು ಬಿಟ್ಟಾಳು?

ಕಾನೂನು ಹಂತಹಂತವಾಗಿ ನಮ್ಮ ಕಡೆಗೆ ಬಂದಿದೆ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ನಾನು 1993ರಲ್ಲಿ ಮದುವೆಯಾದವಳು, ಒಂದು ವರ್ಷದ ಅಂತರದಲ್ಲಿ ಹೊರಗುಳಿದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಹೇಳಿತು. ಹುಟ್ಟಿನಿಂದಲೇ ಹಕ್ಕು ಬರುವುದಾದರೆ ಹುಟ್ಟಿದ್ದಾಳೆಂದು ಬರೆದಿರಬೇಕಲ್ಲವೆ?

‘ಅದು ಸರಕಾರದ ಕಾಗದ, ಇದು ಮನೆಯ ಪುಸ್ತಕ, ಎರಡಕ್ಕೂ ಏನು ಸಂಬಂಧ?’ ಎನ್ನುವವರು ಸಾಕ್ಷ್ಯ ಕಾಯಿದೆಯನ್ನು ಓದಬೇಕು. 1872ರ ಕಾಯಿದೆಯ 32ನೆಯ ಕಲಮು, ತೀರಿಹೋದವರು ಬಂಧುತ್ವದ ಬಗ್ಗೆ ಮನೆತನದ ವಂಶಾವಳಿಯಲ್ಲಿ ಬರೆದಿಟ್ಟ ಮಾತನ್ನು, ಅದು ವ್ಯಾಜ್ಯ ಹುಟ್ಟುವ ಮೊದಲಿನದಾಗಿದ್ದರೆ, ನ್ಯಾಯಾಲಯ ಪರಿಗಣಿಸಬಹುದೆಂದು ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಮಾತು ಉಳಿದಿದೆ. ಇಂದು ಹೋಳಿಗೆ ಊಟದ ಜೊತೆ ಹಂಚುವ ಪುಸ್ತಕ ನಾಳೆ ನಮ್ಮ ಮೊಮ್ಮಗಳ ಎದುರು ಸಾಕ್ಷಿಯಾಗಿ ನಿಂತೀತು. ಆದ್ದರಿಂದ ಇದನ್ನು ನಿವೃತ್ತರ ಹೊತ್ತುಗಳೆಯುವ ಆಟವೆಂದು ನಾನು ಎಣಿಸಲಾರೆ.

ಕಾಕಾನ ವಾದ ಬೇರೆ. ‘ಹೆಣ್ಣಮಕ್ಕಳು ಕೊಟ್ಟ ಮನಿಯವರಾದ್ರು. ಅವರ ಮಕ್ಕಳು ಮರಿ ಎಲ್ಲಾ ನಮ್ಮ ಗಿಡದಾಗ ಯಾಕ? ಪುಸ್ತಕ ದಪ್ಪ ಆಗತೈತಿ.’ ದಪ್ಪವಾಗಲಿ. ಮನೆ ಕಟ್ಟುವಾಗ ಪಾರ್ಕಿಂಗಿಗೆ ಜಾಗ ಬಿಡುವವರು ಮಗಳಿಗೆ ಎರಡು ಪುಟ ಬಿಡಲಾರರೇ? ಅಂತರಜಾಲದ ಗಿಡಕ್ಕಂತೂ ಕಾಗದದ ಖರ್ಚೂ ಇಲ್ಲ. ಇನ್ನು ಕೆಲವರು, ಹೆಂಗಸರ ಹೆಸರನ್ನು ಅಂತರಜಾಲದಲ್ಲಿ ಹಾಕುವುದು ಅಪಾಯ ಎನ್ನುತ್ತಾರೆ. ಬದುಕಿರುವವರ ವಿವರವನ್ನು ಊರಿಗೆಲ್ಲ ತೆರೆದಿಡಬಾರದೆಂಬುದು ನಿಜ, ಅದು ಗಂಡಸರಿಗೂ ಅನ್ವಯಿಸುವ ಮಾತು. ಬದುಕಿರುವವರನ್ನು ಮುಚ್ಚಿಡಿ. ನೂರು ವರ್ಷದ ಹಿಂದೆ ಸತ್ತವಳಿಗೆ ಯಾವ ಅಪಾಯ?

ಹೆಸರು ಸಿಗುವುದಿಲ್ಲವೆಂಬ ನೆವವನ್ನೂ ನಾನು ಒಪ್ಪುವುದಿಲ್ಲ. ಹುಡುಕಬೇಕಾದ ಕಡೆ ಹುಡುಕಬೇಕು. ಅಣ್ಣನ ಮಗ ಹುಡುಕಿದ್ದು ಉತಾರದಲ್ಲಿ, ನಾನು ಹುಡುಕಿದ್ದು ಅಡುಗೆಮನೆಯಲ್ಲಿ. ನಮ್ಮ ತವರಿನ ಹಳೆಯ ಹಿತ್ತಾಳೆಯ ಕೊಳಗವೊಂದರ ಕಂಠದ ಮೇಲೆ ಒಂದು ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾರೆ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಗೆ ಮಗಳ ಹೆಸರು ಹಾಕಿಸುವುದು ರೂಢಿಯಲ್ಲವೆ? ಆ ಹೆಸರು ಯಾರದೆಂದು ತೊಂಬತ್ತರ ಹತ್ತಿರವಿರುವ ನಮ್ಮ ದೊಡ್ಡವ್ವನನ್ನು ಕೇಳಿದೆ. ನಮ್ಮ ಅಜ್ಜನ ತಾಯಿಯದಂತೆ, ಅವಳ ತವರು ತುಂಗಭದ್ರೆಯ ದಂಡೆಯ ಊರಂತೆ. ದೊಡ್ಡವ್ವ ಅಷ್ಟಕ್ಕೇ ನಿಲ್ಲಿಸದೆ ಅವಳ ಅಕ್ಕತಂಗಿಯರ ಹೆಸರನ್ನೂ ಹೇಳಿದಳು. ಒಂದು ಮಧ್ಯಾಹ್ನದಲ್ಲಿ ಹನ್ನೊಂದು ಹೆಂಗಸರ ಹೆಸರು ನನ್ನ ನೋಟುಪುಸ್ತಕಕ್ಕೆ ಬಂದವು. ‘ಇಷ್ಟ ದಿನ ಯಾಕ ಹೇಳಲಿಲ್ಲವ್ವಾ?’ ಎಂದರೆ, ‘ಯಾರ ಕೇಳಿದ್ರ?’ ಎಂದಳು.

ಆದ್ದರಿಂದ ಮೊದಲು ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಕೂಡಿರಿ, ಅವಳು ಇರುವಾಗಲೇ. ಯಾರು ಯಾವ ಊರಿಗೆ ಸೊಸೆಯಾಗಿ ಹೋದರು, ಯಾರ ಹೆಸರನ್ನು ಯಾವ ಮೊಮ್ಮಗಳಿಗೆ ಇಟ್ಟರು ಎಂದು ಕೇಳಿರಿ. ಪಾತ್ರೆಗಳ ಕಂಠ ನೋಡಿರಿ, ಫೋಟೋಗಳ ಹಿಂಬದಿ ನೋಡಿರಿ, ಮದುವೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿರಿ. ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ಹುಡುಗಿಯ ಹೆಸರೂ ಇರುತ್ತದೆ. ನಾವು ಮಾಸ್ತರರು ಅದನ್ನು ಗೆದ್ದಲಿನಿಂದ ಕಾಯುತ್ತ ಬಂದಿದ್ದೇವೆ. ಜನನ ಮರಣದ ನೋಂದಣಿ, ಹಳೆಯ ರೇಶನ್ ಕಾರ್ಡು, ಮತದಾರರ ಪಟ್ಟಿ, ಇವೆಲ್ಲವೂ ಸಾಕ್ಷಿ ಹೇಳುತ್ತವೆ. ತವರಿನ ಹೆಸರು, ಅತ್ತೆಮನೆಯ ಹೆಸರು ಎರಡನ್ನೂ ಬರೆಯಿರಿ. ಎಲ್ಲಿಯೂ ಸಿಗದಿದ್ದರೆ ಆ ಚೌಕವನ್ನು ಅಳಿಸದೆ ಖಾಲಿಯೇ ಬಿಡಿರಿ. ಇಲ್ಲೊಬ್ಬಳು ಇದ್ದಳು ಎಂದು ಮುಂದಿನವರಿಗೆ ಅಷ್ಟಾದರೂ ತಿಳಿಯಲಿ.

ನಮ್ಮ ಹುಡುಗನಿಗೆ ಕರಡನ್ನು ತಿದ್ದದೆಯೇ ಮರಳಿ ಕಳಿಸಿದ್ದೇನೆ. ಹನ್ನೊಂದು ಹೆಸರುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಈ ಹೆಸರುಗಳು ಸೇರಬೇಕು, ಹೆಣ್ಣುಮಕ್ಕಳ ಮಕ್ಕಳು ಸೇರಬೇಕು, ಸೊಸೆಯಂದಿರ ತವರು ಸೇರಬೇಕು, ಆಮೇಲೆ ಬೇಕಾದರೆ ಒಂದೊಂದು ಕೊಂಬು ದೀರ್ಘವನ್ನೂ ಕುಳಿತು ತಿದ್ದಿಕೊಡುತ್ತೇನೆ ಎಂದು ಬರೆದಿದ್ದೇನೆ. ‘ಅತ್ತಿ, ಜಾತ್ರಿಗೆ ಮೂರ ವಾರ ಅದಾವು’ ಎಂದು ಅವನು ಫೋನಿನಲ್ಲಿ ಗೋಗರೆದ. ಈ ಸಲದ ಜಾತ್ರೆಗೆ ಆಗದಿದ್ದರೆ ಮುಂದಿನ ಸಲ ಹಂಚೋಣ. ಅವರು ನೂರು ವರ್ಷ ಕಾದಿದ್ದಾರೆ, ನಾವು ಒಂದು ವರ್ಷ ಕಾಯೋಣ.